ಮಿರಗಕ್ಕೆ ಮೊದಲು ಬೇಲೇಕೇರಿಗೆ

ಬೇಲೇಕೇರಿ, ಅಂಕೋಲೆಯ ಹತ್ತಿರ
೨೬ ಮೇ ೧೯೩೮

ಚಿರಂಜೀವಿ ಅಳಿಯಂದಿರಾದ ಮುಂಡಗೋಡದ ಶೇಖಪ್ಪನವರಿಗೆ, ನಿಮ್ಮ ಮಾವ ಉಳವಪ್ಪ ಮಾಡುವ ಆಶೀರ್ವಾದಗಳು.

ಇತ್ತ ಕ್ಷೇಮ ಎಂದು ಬರೆಯುವುದು ರೂಢಿ. ಬರೆದಿದ್ದೇನೆಂದೇ ತಿಳಿದು ಮುಂದೆ ಓದಿರಿ.

ನಾನು ಮತ್ತು ಮಗಳು ನೀಲವ್ವ ಹಳಿಯಾಳ ಬಿಟ್ಟು ಈ ಸಮುದ್ರದ ಊರಿಗೆ ಬಂದಿದ್ದೇವೆ. ಅವಳ ಕೆಮ್ಮಿಗೆ ‘ಚೇಂಜ್ ಆಫ್ ಏರ್’ ಒಳ್ಳೆಯದೆಂದು ಡಾಕ್ಟರರು ಹೇಳಿದರು. ಆ ಮಾತು ಕಾಲೇಜಿನ ಒಂದು ಪಾಠದಲ್ಲಿಯೂ ಬಂದಿತ್ತು. ಪಾಠದ ಕೊನೆಗೆ ರೋಗಿ ಏನಾದನೆಂಬುದು ಮಾತ್ರ ನೆನಪಿಲ್ಲ. ಅಷ್ಟರಲ್ಲಿ ನಾನು ಕಾಲೇಜು ಬಿಟ್ಟಿದ್ದೆನೋ ಏನೋ.

ಊರು ಸಣ್ಣದು, ಆದರೆ ನೋಡುವಂಥದು. ಹಿಂದೆ ನಮ್ಮ ಕಡೆಯ ಅರಳೆ ಚಕ್ಕಡಿಗಳಲ್ಲಿ ಅರಬೈಲ ಘಟ್ಟ ಇಳಿದು ಈ ಕರಾವಳಿಗೆ ಬರುತ್ತಿತ್ತು. ಆಮೇಲೆ ರೈಲು ಮರ್ಮಗೋವೆಗೆ ಹೋಯಿತು, ಅರಳೆಯೂ ಅದರ ಬೆನ್ನು ಹತ್ತಿ ಹೋಯಿತು. ನಮ್ಮಜ್ಜನೂ ಚಕ್ಕಡಿ ಹೊಡೆದುಕೊಂಡು ಬಂದಿದ್ದನಂತೆ. ದಂಡೆಯ ಮೇಲೆ ನಿಂತು, ‘ಇಷ್ಟ ನೀರ ಇಟ್ಕೊಂಡು ಎತ್ತಿಗೆ ಕುಡಸಾಕ ಬರಲಿಲ್ಲಂದ್ರ ಏನ್ ಸುಟ್ಕೊಳ್ಳೂದೈತಿ?’ ಅಂದು ಹಾಗೆಯೇ ಎತ್ತು ತಿರುಗಿಸಿದನಂತೆ. ಮನೆಯಲ್ಲಿ ಸಮುದ್ರದ ಬಗ್ಗೆ ಇದ್ದ ತಿಳಿವಳಿಕೆ ಇಷ್ಟೇ. ಅದೇ ತಿಳಿವಳಿಕೆಯಿಂದ ನಾನೂ ಬಂದೆ.

ಧಾರವಾಡದ ಸಾಹೇಬರು ಬೇಸಿಗೆಗೆ ಇಲ್ಲಿಗೆ ಬಂದು ಇರುತ್ತಾರೆ. ಅವರು ಇರುವಾಗ ಕೆಮ್ಮುವವರಿಗೆ ಜಾಗ ಯಾರು ಕೊಡುತ್ತಾರೆ? ಅವರು ಹೊರಡುವ ತನಕ ಕಾದೆ. ಗದ್ದಲವೂ ಇರುವುದಿಲ್ಲ, ಗಾಳಿಯೆಲ್ಲ ನಮ್ಮದೇ ಎಂದು ಲೆಕ್ಕ ಹಾಕಿದೆ. ಅವರ ಬಂಗಲೆಯ ಹಿಂದಿನ ಕೋಣೆ ಸಿಕ್ಕಿತು. ಕಸ ಗುಡಿಸುವ ಹೊನ್ನಿಯೆಂಬ ಮುದುಕಿ ನಮ್ಮ ಗಂಟುಮೂಟೆ ನೋಡಿದ್ದೇ ಸೊಂಟದ ಮೇಲೆ ಕೈ ಇಟ್ಟು, ‘ಎಲ್ಲಾರೂ ಹೋಗೂ ಹೊತ್ತಿಗೆ ಬಂದ್ರಲ್ಲ ಒಡೆಯಾ! ಮಳೆ ಬಂದ್ರೆ ಈ ಗೋಡೆ ಹಿಂಡಿದ್ರೆ ನೀರು ಬರ್ತದೆ’ ಅಂದಳು. ಸಾಹೇಬರು ಯಾಕೆ ಹೋಗುತ್ತಾರೆಂದು ನಾನು ಯೋಚಿಸಿರಲಿಲ್ಲ. ಈಗಲೇ ಹಾಸಿಗೆ ಬೆಳಗ್ಗೆ ತೇವವಾಗಿರುತ್ತದೆ. ಉಪ್ಪು ಡಬ್ಬಿಯಲ್ಲಿಯೇ ಕರಗುತ್ತದೆ.

ನೀಲವ್ವ ಸುಧಾರಿಸಿದ್ದಾಳೆ. ನಿನ್ನೆ ಅರ್ಧ ರೊಟ್ಟಿ ತಿಂದಳು. ಇಲ್ಲ, ಅದರಲ್ಲಿಯೂ ಅರ್ಧ ಹೊನ್ನಿಯ ಕೋಳಿಗೆ ಹಾಕಿದಳು. ಮಾತಿಗೇನೂ ಕಡಿಮೆಯಿಲ್ಲ. ಹೊನ್ನಿ ಮೀನಿನ ಸಾರು ಕುಡಿದರೆ ಮೈ ಹತ್ತುತ್ತದೆ ಅಂದದ್ದಕ್ಕೆ, ‘ಲಿಂಗಾ ಕಟ್ಟಿದ ಕೊಳ್ಳಾಗ ನಿನ್ನ ಮೀನ ಇಳಿಯಂಗಿಲ್ಲ ಮುದುಕಿ, ನಡುವ ಸಿಕ್ಕೊಂಡು ಒದರ್ತೈತಿ’ ಎಂದು ನಗಿಸಿದಳು. ನಕ್ಕು ಕೆಮ್ಮಿದಳು. ಆಮೇಲಿನದು ಬೇಡ.

ಸಂಜೆ ಅವಳನ್ನು ಕಟ್ಟೆಯ ಮೇಲೆ ಕೂಡಿಸುತ್ತೇನೆ. ಮೊನ್ನೆ ಬಹಳ ಹೊತ್ತು ತೆರೆ ನೋಡಿ, ‘ನಮ್ಮ ಮನ್ಯಾವ್ರಿಗಿಂತ ಈ ಸಮುದ್ರ ಬೇಶ್, ಅಪ್ಪಾ. ಹೋದ್ರೂ ತಿರುಗಿ ಬರ್ತೈತಿ’ ಅಂದಳು. ಇದನ್ನು ಬರೆಯಬಾರದಿತ್ತು. ಹೊಡೆದು ಹಾಕಿದರೆ ಏನಿತ್ತೋ ಎಂದು ನೀವು ಇನ್ನೂ ಕೆಟ್ಟದ್ದನ್ನು ಊಹಿಸೀರಿ, ಅದಕ್ಕೆ ಬಿಟ್ಟಿದ್ದೇನೆ.

ಶೇಖಪ್ಪನವರೇ, ಅವಳನ್ನು ತವರಿಗೆ ಬಿಟ್ಟು ಹೋದದ್ದಕ್ಕೆ ನಾನು ಒಂದು ಮಾತೂ ಆಡಲಿಲ್ಲ, ಈಗಲೂ ಆಡುವುದಿಲ್ಲ. ಕೆಮ್ಮು ಕಂಡರೆ ಯಾರಿಗಾದರೂ ಹೆದರಿಕೆಯೇ. ನಿಮಗೆ ಬೇರೆ ಕಡೆ ಹೆಣ್ಣು ನೋಡಿದ್ದಾರೆಂದು ಕೇಳಿದ್ದೇನೆ. ಅದಕ್ಕೂ ನಮ್ಮ ಅಡ್ಡಿಯಿಲ್ಲ. ಅಡ್ಡಿ ಮಾಡುವಷ್ಟು ದಿನವೂ ಅವಳಿಗೆ ಉಳಿದಿಲ್ಲ. ನೋಡಿರಿ, ಬಂದೇ ಬಿಟ್ಟಿತು ಬಾಯಿಗೆ. ಅಂಕೋಲೆಯಿಂದ ಬಂದ ಡಾಕ್ಟರರು ನನ್ನನ್ನು ಹೊರಗೆ ಕರೆದು ಇಂಗ್ಲಿಷಿನಲ್ಲಿಯೇ ಹೇಳಿದರು. ಮರೆತಿದ್ದ ಇಂಗ್ಲಿಷು ಅವತ್ತು ಒಂದೊಂದು ಅಕ್ಷರವೂ ತಿಳಿಯಿತು.

ಅವಳು ಬಾಯಿ ಬಿಟ್ಟು ನಿಮ್ಮನ್ನು ಕರೆಯಿರಿ ಅನ್ನುವುದಿಲ್ಲ. ಅಂಕೋಲೆಯ ಕಡೆಯಿಂದ ಗಾಡಿ ಬಂದ ಸಪ್ಪಳವಾದರೆ ಹೆರಳು ಸರಿ ಮಾಡಿಕೊಳ್ಳುತ್ತಾಳೆ, ಅಷ್ಟೇ. ಗಾಡಿ ತೆಂಗಿನಕಾಯಿಯದು, ಇಲ್ಲವೆ ಉಪ್ಪಿನದು.

ನೀವು ಬರಬೇಕು. ಇನ್ನು ಹತ್ತು ಹನ್ನೆರಡು ದಿನಕ್ಕೆ ಮಿರಗದ ಮಳೆ ಹಿಡಿದರೆ ಘಟ್ಟದ ದಾರಿಯ ನಂಬಿಗೆಯಿಲ್ಲ, ಆಮೇಲೆ ಬರುತ್ತೇನೆಂದರೂ ಬರಲಾಗದು. ಯಲ್ಲಾಪುರದಿಂದ ಅಂಕೋಲೆಗೆ ಸರ್ವಿಸ್ ಮೋಟಾರು ಇನ್ನೂ ನಡೆದಿದೆ. ಹತ್ತಿರ ಕೂಡಬೇಡಿರಿ, ಇಲ್ಲಿಯ ನೀರೂ ಕುಡಿಯಬೇಡಿರಿ. ಅಂಗಳದಲ್ಲಿ ನಿಂತರೂ ಅವಳಿಗೆ ಕಿಟಕಿಯಿಂದ ಕಾಣುತ್ತೀರಿ. ‘ಹವಾ ಬದಲಿಗೆ ಹೋಗಿದ್ದೆ’ ಎಂದು ನಿಮ್ಮ ಮನೆಯಲ್ಲಿ ಹೇಳಿಕೊಳ್ಳಿರಿ. ಊರಿನ ಕಥೆ ಇಷ್ಟುದ್ದ ಬರೆದದ್ದು ಅದಕ್ಕೇ, ಏನು ನೋಡಿದೆ ಎಂದು ಯಾರಾದರೂ ಕೇಳಿದರೆ ಹೇಳಲು ನಿಮ್ಮ ಹತ್ತಿರ ಏನಾದರೂ ಇರಲಿ.

ಮುಳುಗುವವನು ಹುಲ್ಲುಕಡ್ಡಿ ಹಿಡಿಯುತ್ತಾನೆಂಬ ಮಾತು ಇಂಗ್ಲಿಷಿನಲ್ಲಿಯೂ ಇದೆ. ‘ಡ್ರೌನಿಂಗ್ ಮ್ಯಾನ್’ ತನಕ ಬರುತ್ತದೆ. ಕಡ್ಡಿಗೆ ಏನನ್ನುತ್ತಾರೋ ನೆನಪಾಗದು. ನೀವು ಬರುವುದಿಲ್ಲವೆಂದು ನನ್ನ ಮನಸ್ಸು ಹೇಳುತ್ತಿದೆ. ಆದರೂ ನಾಳಿನ ಟಪಾಲಿಗೆ ಇದನ್ನು ಹಾಕುತ್ತೇನೆ.

ಇಂತಿ ನಿಮ್ಮ ದಾರಿ ನೋಡುವ,
ಉಳವಪ್ಪ

ತಾ. ಕ.: ಬರುವಾಗ ಏನೂ ತರಬೇಡಿರಿ. ಮುತ್ತೈದೆಗೆ ಕಡೆಗೆ ಉಡಿಸುವ ಸೀರೆ ತವರಿನದೇ ಆಗಬೇಕಷ್ಟೆ, ಅದನ್ನು ಹಳಿಯಾಳದಿಂದ ಹೊರಡುವಾಗಲೇ ಪೆಟ್ಟಿಗೆಯ ತಳಕ್ಕೆ ಇಟ್ಟುಕೊಂಡು ಬಂದಿದ್ದೇನೆ. ಆಸೆಯನ್ನೂ ತಂದೆ, ಅದನ್ನೂ ತಂದೆ. ಇವತ್ತು ನಾನು ನೀರಿಗೆ ಹೋದಾಗ ನೀಲವ್ವನ ಕೈಗೆ ಆ ಸೀರೆ ಸಿಕ್ಕಿದೆ. ಯಾಕೆ ತಂದೆ ಎಂದು ಕೇಳಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಸವರುತ್ತ, ‘ಹಸರು ಚಲೋ ಐತಿ ಅಪ್ಪಾ. ಅವರು ಬಂದ ದಿನಾ ಉಡ್ತೇನಿ’ ಅಂದಳು.