ನಿನಗಾಗಿ ನಿಲ್ಲಿಸಿದ ಸದ್ದು

ಪಂಕಜಾ,

ಅಪ್ಪನ ಅಂಚೆಕಚೇರಿಯಲ್ಲಿ ಚೀಲಕ್ಕೆ ಮುದ್ರೆ ಒತ್ತಲು ಅರಗು ಕರಗಿಸುವಾಗ ಬರುತ್ತಿದ್ದ ವಾಸನೆ ನೆನಪಿದೆಯಾ? ಬೆಳಿಗ್ಗೆ ಪಕ್ಕದ ಮನೆಯಿಂದ ಅದೇ ವಾಸನೆ ಬಂತು, ಹೋದೆ. ಒಲೆಯ ಮೇಲೆ ಬಣ್ಣದ ಅರಗು ಕರಗುತ್ತಿತ್ತು. ಗೊಂಬೆ ಮಾಡುವ ಮಕ್ಬೂಲ್ ಯಂತ್ರದಲ್ಲಿ ಗಿರಗಿರ ತಿರುಗುವ ಮರಕ್ಕೆ ಅರಗಿನ ಕಡ್ಡಿ ಮುಟ್ಟಿಸಿದರು. ಬಣ್ಣ ಮರದೊಳಗಿನಿಂದಲೇ ಉಕ್ಕಿದಂತೆ ಹರಡಿತು. ಕಣ್ಣು ಕೀಳಲಾಗಲಿಲ್ಲ. ನನಗೆ ತೋರಿಸಲೆಂದು ಒಂದೇ ಒಂದು ಬುಗುರಿ ಮಾಡಿ ಯಂತ್ರ ನಿಲ್ಲಿಸಿಬಿಟ್ಟರು. ಯಾಕೆ ಎಂದೆ.

“ನಿಮ್ ತಂಗಿಗೆ ತಲೆನೋವಂತಲ್ಲಮ್ಮ, ಒಸಿ ಮಲಗ್ಲಿ ಬುಡಿ. ನೆನ್ನೆಯಿಂದ್ಲೂ ನಿಲ್ಸಿದ್ದೀವಿ,” ಎಂದರು ಅವರ ಹೆಂಡತಿ ಶರ್ಫುನ್ನೀಸಾ.

ನಿನ್ನೆ ನೀನು “ಎಷ್ಟು ನಿಶ್ಶಬ್ದ ಅಕ್ಕಾ, ಮೈಸೂರು ಬಿಟ್ಟು ಈ ಚನ್ನಪಟ್ಟಣಕ್ಕೇ ಬಂದುಬಿಡೋಣ, ನಾವು ಇಳಿದುಕೊಂಡಿರುವ ಈ ಮನೆಯೇ ಇರಲಿ,” ಎಂದೆಯಲ್ಲ, ಆ ನಿಶ್ಶಬ್ದ ಈ ಬೀದಿಯದಲ್ಲ ಕಣೇ. ಅವರು ಕೆಲಸ ಬಿಟ್ಟು ಕೂತದ್ದು. ಊರು ನೋಡಿ ಹೋಗಲು ಬಂದವರಿಗಾಗಿ!

ಶುರು ಮಾಡಿ ಎಂದು ಹೇಳಿದ್ದೇನೆ. ತಿಂಡಿ ಹೊತ್ತಿಗೆ ಗುರ್ರೆನ್ನುತ್ತದೆ, ಬೆಚ್ಚಬೇಡ. ಚೆನ್ನಾಗಿ ಕೇಳಿಸಿಕೊಂಡು ಆಮೇಲೆ ನಿರ್ಧರಿಸು. ನನಗಂತೂ ಆ ಸದ್ದಿನ ಪಕ್ಕದಲ್ಲೇ ಇರುವ ಆಸೆ. ನಿನಗಾಗದಿದ್ದರೆ ಹಿಂತಿರುಗೋಣ, ಮುನಿಸಿಲ್ಲ. ಕಿಟಕಿ ಮಾತ್ರ ಮುಚ್ಚಬೇಡ. ಅವರಿಗೆ ಕಾಣುತ್ತದೆ, ಮತ್ತೆ ನಿಲ್ಲಿಸಿಬಿಡುತ್ತಾರೆ.

ಹಾಲಿಗೂ ನಿನ್ನ ಮಾತ್ರೆಗೂ ಹೊರಟಿದ್ದೇನೆ. ಮೇಜಿನ ಮೇಲೆ ಮುಚ್ಚಿಟ್ಟ ತಟ್ಟೆಯಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ ಇದೆ. ನಾನು ಅಲ್ಲಿಂದ ಏಳುವಾಗ ಶರ್ಫುನ್ನೀಸಾ ನಿನ್ನ ಕಿಟಕಿಯತ್ತ ಒಮ್ಮೆ ನೋಡಿ, ಆ ತಟ್ಟೆಯನ್ನು ನನ್ನ ಕೈಗಿಟ್ಟರು.