ದೀಪ ಹಿಡಿದ ಕೈ

ಮಾರ್ಚ್ 4, ಸೋಮವಾರ

ಇವತ್ತು ಅರವತ್ತೆರಡು ನೆಗೆಟಿವ್ ಸ್ಕ್ಯಾನ್. ಮೂಗಿನ ತುಂಬ ಹಳೇ ಫಿಲ್ಮಿನ ವಿನೆಗರ್ ವಾಸನೆ. ಸಂಜೆ ಹೊತ್ತಿಗೆ ಕುತ್ತಿಗೆ ನನ್ನ ಮಾತು ಕೇಳುವುದಿಲ್ಲ. ಮೇ ತಿಂಗಳಿಗೆ ರಿಟೈರ್‌ಮೆಂಟ್. ಅಷ್ಟರೊಳಗೆ ಮ್ಯೂಸಿಯಮ್ಮಿನ ಹಳೇ ಫೋಟೋಗಳೆಲ್ಲ ಕಂಪ್ಯೂಟರಿಗೆ ಹೋಗಬೇಕಂತೆ.

ಹೊಸ ಡೈರೆಕ್ಟರಿಗೆ ವಸ್ತು ಬೇಡ, ಕಥೆ ಬೇಕು. "ಮೇಡಂ, ಮಡಕೆ ಮಡಕೆ ಅಂದ್ರೆ ಯಾರು ಬರ್ತಾರೆ? ಮಡಕೆ ಒಡೆದವಳು ಯಾರು ಅಂತ ಹೇಳಿ, ಕ್ಯೂ ನಿಲ್ತಾರೆ." ಹುಡುಗ ಹೇಳುವುದರಲ್ಲಿ ಸುಳ್ಳೇನಿಲ್ಲ. ನಾನೂ ಬಾಚಣಿಗೆಯ ಫೋಟೋ ತೆಗೆಯುವಾಗ ಮುರಿದ ಹಲ್ಲು ಎಣಿಸಿ, ಯಾವ ಸಿಡುಕಿಯ ತಲೆಯೋ ಅಂದುಕೊಂಡವಳೇ.

ಇಪ್ಪತ್ತೈದಕ್ಕೆ ಪ್ರದರ್ಶನ. ಬಾಗಿಲಲ್ಲೇ ನಾನು ತೆಗೆದ ಫೋಟೋ, ಆರಡಿ ಎತ್ತರ — "ಎಡಗೈ ಹೆಂಗಸು". ಗೇಣುದ್ದದ ಕಂಚಿನ ಬೊಂಬೆ, ಎಡಗೈಯಲ್ಲಿ ದೀಪ. ಈ ಫೋಟೋ ಒಂದನ್ನೇ ನೋಡಿ ಪಂಡಿತರೊಬ್ಬರು ಇಡೀ ಪುಸ್ತಕ ಬರೆದರು. ಗಂಡನ ಮನೆಯ ದೀಪವನ್ನು ಬೇಕೆಂದೇ ಎಡಗೈಯಲ್ಲಿ ಎತ್ತಿಕೊಂಡು ಹೊರಟುಹೋದವಳು ಅಂತ. ಕೆಳಗೆ ಬೋರ್ಡು: "ಮೂಲ ಶಿಲ್ಪವನ್ನು ಉಗ್ರಾಣದ ಸಿಬ್ಬಂದಿಯೇ ಕದ್ದು ನಕಲಿಯನ್ನಿಟ್ಟರು. ಉಳಿದಿರುವುದು ಈ ಚಿತ್ರ ಮಾತ್ರ."

ಸಿಬ್ಬಂದಿ ಅಂದರೆ ಬೀಗದಣ್ಣ. ಉಗ್ರಾಣದ ಬೀಗದ ಕೈ ಮೂವತ್ತು ವರ್ಷ ಅವರ ಸೊಂಟದಲ್ಲೇ ಇತ್ತು. ನನ್ನನ್ನು ತಂಗಿ ಅನ್ನುತ್ತಿದ್ದರು.

ಮಾರ್ಚ್ 7, ಗುರುವಾರ. ಮಧ್ಯಾಹ್ನ 3

ನಿಂತೇ ಬರೆಯುತ್ತಿದ್ದೇನೆ. ಅಕ್ಷರ ನೆಟ್ಟಗಿಲ್ಲ.

318ರ ನೆಗೆಟಿವ್ ಸಿಕ್ಕಿತು. ಎಡಗೈ ಹೆಂಗಸಿನದು. ಬೇರೆ ಡಬ್ಬಿಯಲ್ಲಿತ್ತು, ನಾನೇ ತಪ್ಪಾಗಿ ಇಟ್ಟಿದ್ದೆ.

ನೆಗೆಟಿವ್‌ಗೆ ಎರಡು ಮೈ. ಒಂದು ಹೊಳಪು, ಒಂದು ಮಂಕು. ಪ್ರಿಂಟ್ ಹಾಕುವಾಗ ಮಂಕು ಮೈ ಕೆಳಗಿರಬೇಕು. ಮೊದಲ ದಿನ ಕಲಿಸುವ ಪಾಠ. ಮಗುಚಿ ಇಟ್ಟರೆ ಎಡ ಬಲವಾಗುತ್ತದೆ, ಬಲ ಎಡ.

ನೆಗೆಟಿವ್‌ನಲ್ಲಿ ಬೊಂಬೆಯ ಕಾಲ ಬಳಿ ನಂಬರ್ ಚೀಟಿ ಇದೆ. 318 ನೆಟ್ಟಗೆ ಓದುವ ಹಾಗೆ ಹಿಡಿದೆ. ದೀಪ ಬಲಗೈಯಲ್ಲಿ.

ಮತ್ತೆ ಹಿಡಿದೆ. ಬಲಗೈ. ನಾಲ್ಕು ಸಲ.

ಮಗುಚಿಟ್ಟು ಪ್ರಿಂಟ್ ಹಾಕಿದ್ದೇನೆ. ನಾನು. ಪ್ರಿಂಟಿನಲ್ಲಿ ಚೀಟಿ ಇದ್ದರೆ ಅವತ್ತೇ ಗೊತ್ತಾಗುತ್ತಿತ್ತು… ಅಂದ ಕೆಡುತ್ತದೆ ಅಂತ ಅದನ್ನು ಕತ್ತರಿಸಿದವಳೂ ನಾನೇ.

ಮಾರ್ಚ್ 8

ಉಗ್ರಾಣಕ್ಕೆ ಹೋದೆ. "318 — ನಕಲಿ" ಅಂತ ಬರೆದ ಪೆಟ್ಟಿಗೆ. ಬೊಂಬೆಯ ಬಲಗೈಯಲ್ಲಿ ದೀಪ, ಮೊಣಕೈ ಹತ್ತಿರ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿದೆ. ನೆಗೆಟಿವ್‌ನಲ್ಲೂ ಅದೇ ಚಕ್ಕೆ, ಅದೇ ಜಾಗ. ಇದೇ ಅಸಲಿ. ಯಾರೂ ಏನೂ ಕದ್ದಿಲ್ಲ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಪುಸ್ತಕ ಬಂದು ನಾಲ್ಕು ವರ್ಷಕ್ಕೆ ಪಂಡಿತರು ಬೊಂಬೆಯನ್ನು ಕಣ್ಣಾರೆ ನೋಡಲು ಬಂದರು. ಪೆಟ್ಟಿಗೆ ತೆಗೆದರೆ ದೀಪ ಬಲಗೈಯಲ್ಲಿ! ತಮ್ಮ ಪುಸ್ತಕ ತಪ್ಪು ಅನ್ನುತ್ತಾರೆಯೇ? ಬೊಂಬೆಯೇ ಬದಲಾಗಿದೆ ಅಂದರು. ವಿಚಾರಣೆ. ಮೂರು ಜನ ದೊಡ್ಡವರು, ಒಬ್ಬರೂ ಫೋಟೋ ತೊಳೆಯುವ ಕತ್ತಲೆ ಕೋಣೆಯ ಬಾಗಿಲು ಕಂಡವರಲ್ಲ. ನನ್ನನ್ನು ಕರೆದು ಒಂದೇ ಪ್ರಶ್ನೆ: ಫೋಟೋ ಸರಿಯಾಗಿದೆಯೇ?

"ಫೋಟೋ ಸುಳ್ಳು ಹೇಳೊಲ್ಲ ಸರ್" ಅಂದೆ. ಎಂಥ ಜಂಬ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹೊರಗೆ ಬೆಂಚಿನ ಮೇಲೆ ಬೀಗದಣ್ಣ ಕೂತಿದ್ದರು. "ತಂಗಿ, ಆ ನೆಗೆಟಿವ್ ಒಂದ್ಸಲ ತೆಗೆದು ನೋಡ್ತೀಯಾ? ನಂಗೆ ಅದರ ಬಗ್ಗೆ ಏನೂ ಗೊತ್ತಿಲ್ಲ, ಸುಮ್ನೆ ಕೇಳ್ದೆ." ನನಗೆ ಸಿಟ್ಟು ಬಂತು. ನನ್ನ ಕೆಲಸದ ಮೇಲೆ ಅನುಮಾನವೇ ಅಂತ. ಡಬ್ಬಿಯಲ್ಲಿ ಹುಡುಕಿದ ಶಾಸ್ತ್ರ ಮಾಡಿ, ಸಿಗಲಿಲ್ಲ ಅಂದೆ. ಅವರ ಕೆಲಸ ಹೋಯಿತು.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಆ ಎಮ್ಮೆ ನಾನು. ಇಪ್ಪತ್ತೆರಡು ವರ್ಷ ಹಾಯಾಗಿ ಮೇಯ್ದಿದ್ದೇನೆ.

ಮಾರ್ಚ್ 16, ಶನಿವಾರ

ಎಂಟು ದಿನ ಏನೂ ಬರೆದಿಲ್ಲ. ಯಾರಿಗೂ ಏನೂ ಹೇಳಿಲ್ಲ. ಸೋಮವಾರ ಡೈರೆಕ್ಟರಿಗೆ ಮೀಟಿಂಗ್. ಮಂಗಳವಾರ ನನಗೆ ತಲೆನೋವು. ಬುಧವಾರ ತಲೆನೋವು ಇಲ್ಲದಿದ್ದರೂ ಇದೆ ಅಂದುಕೊಂಡೆ.

ನೆಗೆಟಿವ್ ನನ್ನ ಪರ್ಸಿನಲ್ಲಿದೆ. ಬಸ್ಸಿನಲ್ಲಿ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತಲ್ಲ, ಹಾಗೆ.

ಇನ್ನೆರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಶಾಲು ಹೊದಿಸಿ, ಒಳ್ಳೆಯ ಮಾತಾಡಿ ಕಳಿಸುತ್ತಾರೆ. ಹೌದು, ಇದನ್ನೂ ಯೋಚಿಸಿದೆ. ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು?

ಮಾರ್ಚ್ 19

ಹೇಳಿದೆ. ನೆಗೆಟಿವ್ ಲೈಟಿನ ಮೇಲಿಟ್ಟು ತೋರಿಸಿದೆ. ಡೈರೆಕ್ಟರ್ ಬಗ್ಗಿ ನೋಡಿದ. ಅರ್ಥವಾಯಿತು, ಪೆದ್ದನಲ್ಲ.

"ಮೇಡಂ, ಇದು ದೊಡ್ಡ ವಿಷಯ. ಪ್ರದರ್ಶನ ಮುಗೀಲಿ, ಆಮೇಲೆ ಕೂತು ನೋಡೋಣ."

"ಬೋರ್ಡಿನಲ್ಲಿ ಅವರನ್ನ ಕಳ್ಳ ಅಂತ ಬರೆದಿದೀರಿ."

"ಹೆಸರು ಹಾಕಿಲ್ವಲ್ಲ?"

ನೆಗೆಟಿವ್ ಎತ್ತಿ ಪರ್ಸಿಗೆ ಹಾಕಿಕೊಂಡೆ. ಅವನು ನನ್ನ ಮುಖ ನೋಡಿ ಮೆಲ್ಲಗೆ, "ಪ್ರಿಂಟ್ ಹಾಕಿದ್ದು ಯಾರು ಅಂತಾನೂ ಕೇಳ್ತಾರೆ ಮೇಡಂ. ನಿಮಗೇ ಯಾಕೆ ತೊಂದರೆ?" ಅಂದ.

ಆಯ್ತು ಸರ್ ಅಂದೆ. ಚಹಾ ತರಿಸಿದ. ಕುಡಿದು ಬಂದೆ.

ಮಾರ್ಚ್ 25

ಉದ್ಘಾಟನೆ ಆಯಿತು. ಭಾರಿ ಜನ. ಆರಡಿ ಫೋಟೋದ ಪಕ್ಕ ನನ್ನನ್ನು ನಿಲ್ಲಿಸಿ ಫೋಟೋ ತೆಗೆದರು. ನಕ್ಕಿದ್ದೇನೆ.

ಮಾರ್ಚ್ 27, ಬುಧವಾರ

ಬೀಗದಣ್ಣನ ಮನೆಗೆ ಹೋದೆ. ನೀರಿಗಿಳಿದ ಮೇಲೆ ಚಳಿಯೇನು ಅಂತ ದಾರಿಯುದ್ದಕ್ಕೂ ಹೇಳಿಕೊಂಡೆ. ಎರಡು ಕೋಣೆ, ಮಹಡಿ ಮೇಲೆ. ಬಾಗಿಲು ತೆರೆದವರು ಅವರ ಹೆಂಡತಿ, ಅತ್ತಿಗೆ. ಗುರುತು ಹಿಡಿದರು, ಒಳಗೆ ಬಾ ಅನ್ನಲಿಲ್ಲ. ಒಳಗಿಂದ ಅಣ್ಣನೇ, "ಯಾರು, ತಂಗಿನಾ? ಬಾಮ್ಮ" ಅಂದರು.

ಬನಿಯನ್ ಮೇಲಿದ್ದರು. ನನ್ನನ್ನು ಕಂಡು ನಾಚಿಕೊಂಡು, "ಏ, ಒಂದು ಅಂಗಿ ತೆಗೆದುಕೊಡು" ಅಂದರು. ಅತ್ತಿಗೆ ಸೆರಗಿನ ಗಂಟು ಬಿಚ್ಚಿ, ಬೀಗದ ಕೈ ತೆಗೆದು, ಬೀರು ತೆರೆದು, ಅಂಗಿ ಕೊಟ್ಟು, ಮತ್ತೆ ಬೀಗ ಹಾಕಿ ಗಂಟು ಕಟ್ಟಿಕೊಂಡರು. ಇಬ್ಬರಿಗೂ ಅದು ಅಭ್ಯಾಸ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೇಳಿದೆ. ಕಿಟಕಿಗೆ ನೆಗೆಟಿವ್ ಹಿಡಿದು, ಮಗುಚಿ, ಮತ್ತೆ ಮಗುಚಿ ತೋರಿಸಿದೆ. ತಪ್ಪು ನನ್ನದು ಅಂದೆ. ಅವತ್ತು ಸರಿಯಾಗಿ ಹುಡುಕಲೇ ಇಲ್ಲ, ಅದನ್ನೂ ಅಂದೆ.

ಅಣ್ಣ ನೆಗೆಟಿವ್ ಇಸಿದುಕೊಂಡು ತಾವೇ ಕಿಟಕಿಗೆ ಹಿಡಿದರು. ಕೇಳಿದ್ದು ಅತ್ತಿಗೆ.

"ಹಾಗಾದ್ರೆ ಇವರು ಕದ್ದಿಲ್ವಾ?"

"ಇಲ್ಲ ಅತ್ತಿಗೆ."

"ನನ್ನ ತವರಿನ ಅಣ್ಣ ಮನೆಗೆ ಬರೋದು ಬಿಟ್ಟ. ನಾನು… ನಾನೂ ಹಂಗೇ ಅಂದ್ಕೊಂಡೆ. ದೊಡ್ಡವರು ಮೂರು ಜನ ಹೇಳಿದಾರೆ, ಸುಳ್ಳಿರುತ್ತಾ ಅಂತ." ಗಂಡನ ಕಡೆ ತಿರುಗಿದರು. "ನೀವಾದ್ರೂ ಒಂದು ಮಾತು ಗಟ್ಟಿಯಾಗಿ ಹೇಳಬಾರದಿತ್ತಾ?"

"ಮೊದಲನೇ ವರ್ಷ ದಿನಾ ಹೇಳ್ದೆ. ನೀನು ಅಡುಗೆ ಮಾಡ್ತಿರ್ತಿದ್ದೆ."

ಅತ್ತಿಗೆ ಸೆರಗಿನಿಂದ ಬೀಗದ ಕೈ ಬಿಚ್ಚಿ ಅವರ ಮುಂದೆ ಇಟ್ಟರು. ಅಣ್ಣ ನೋಡಿದರು. ಮುಟ್ಟಲಿಲ್ಲ. "ನಿನ್ನ ಹತ್ರಾನೇ ಇರಲಿ. ನಂಗೆ ಎಲ್ಲಿ ಇಡ್ತೀನಿ ಅಂತಾನೇ ನೆನಪಿರಲ್ಲ ಈಗ."

ಅತ್ತಿಗೆ ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡರು. ಆದರೂ ಅತ್ತದ್ದು ಕೇಳಿಸಿತು.

ಹೊರಡುವಾಗ ಅಣ್ಣ ಕೇಳಿದರು. "ಅಲ್ಲಿ ಹೇಳಿದ್ಯಾ ಇದನ್ನ?"

"ಹೇಳಿದೀನಿ."

"ಬೋರ್ಡು ಹಾಕಿದಾರಂತೆ, ಪೇಪರಲ್ಲಿ ಓದಿದೆ. ಬದಲಾಯಿಸ್ತಾರಾ?"

ಆ ಮುಖ ನೋಡಿ ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. "ಬದಲಾಯಿಸಿದಾರೆ ಅಣ್ಣ" ಅಂದೆ.

ಅವರು ಎದ್ದು ನಿಂತರು. ಇಪ್ಪತ್ತೆರಡು ವರ್ಷದಲ್ಲಿ ಮ್ಯೂಸಿಯಮ್ಮಿನ ಬೀದಿಗೇ ಕಾಲಿಟ್ಟಿಲ್ಲವಂತೆ. "ಹಾಗಾದ್ರೆ ನಾಳೇನೇ ಬರ್ತೀವಿ. ಇವಳನ್ನೂ ಕರ್ಕೊಂಡು ಬರ್ತೀನಿ. ಇವಳೂ ಓದ್ಲಿ."

ಮಾರ್ಚ್ 28. ಬೆಳಿಗ್ಗೆ 9.15

ಡೈರೆಕ್ಟರ್ ಬಂದಿಲ್ಲ. ಫೋನ್ ಮಾಡಿದೆ. "ಆಮೇಲೆ ಅಂದ್ನಲ್ಲ ಮೇಡಂ" ಅಂದು ಇಟ್ಟ.

ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದೆ: ಫೋಟೋ ಉಲ್ಟಾ ಪ್ರಿಂಟ್ ಮಾಡಿದ್ದು ನಾನು. ಯಾರೂ ಕದ್ದಿಲ್ಲ. ಕೆಳಗೆ ಸಹಿ, ಹುದ್ದೆ. ಬೋರ್ಡಿನ ಮೇಲೆ ಅಂಟಿಸಿದೆ. ಗಾರ್ಡ್ ಬಂದು ಕಿತ್ತ. "ಆರ್ಡರ್ ಇಲ್ದೆ ಏನೂ ಅಂಟಿಸಬಾರದು ಮೇಡಂ, ನನ್ನ ಕೆಲಸ ಹೋಗುತ್ತೆ." ಅವನ ಕೆಲಸವೂ ಹೋಗಬಾರದು ತಾನೇ. ಇನ್ನೊಂದು ಹಾಳೆ ಬರೆಯುತ್ತೇನೆ.

10.05

ಕಿಟಕಿಯಿಂದ ಕಾಣುತ್ತಿದ್ದಾರೆ. ಇಸ್ತ್ರಿ ಮಾಡಿದ ಅಂಗಿ. ಅತ್ತಿಗೆ ಕ್ಯೂನಲ್ಲಿ ನಿಂತು ಟಿಕೆಟ್ ತಗೊಳ್ಳುತ್ತಿದ್ದಾರೆ — ಮೂವತ್ತು ವರ್ಷ ಈ ಬಾಗಿಲು ತೆರೆದವರಿಗೆ ಟಿಕೆಟ್. ಬೋರ್ಡಿನ ಮುಂದೆ ಶಾಲೆ ಮಕ್ಕಳ ಗುಂಪು. ಟೀಚರ್ ಗಟ್ಟಿಯಾಗಿ ಓದಿಸುತ್ತಿದ್ದಾರೆ, ಇಲ್ಲಿಗೂ ಕೇಳುತ್ತಿದೆ, ಉಗ್ರಾಣದ ಸಿಬ್ಬಂದಿಯೇ ಕದ್ದು…

ಅಣ್ಣ ಮೆಟ್ಟಿಲು ಹತ್ತುತ್ತಿದ್ದಾರೆ. ಅತ್ತಿಗೆ ಕೈ ಹಿಡಿದುಕೊಂಡಿದ್ದಾರೆ. ಎರಡನೇ ಹಾಳೆ ಹಿಡಿದು ಓಡಬೇಕು. ಅವರು ಬಾಗಿಲಿಗೆ ಬರುವ ಮೊದಲು ನಾನು