ನಮ್ಮಕ್ಕನನ್ನು ಗೆರೆ ಮಾಡಿದ ಆಕರಸೂಚಿ

ಪ್ರಬಂಧ ನಮೂನೆ ಪರಿಶೀಲನಾ ವಿಭಾಗದ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ತಮ್ಮ ಕಚೇರಿ ನನ್ನ ಅಕ್ಕನನ್ನು ಒಂದು ಅಡ್ಡಗೆರೆಯಾಗಿ ಪರಿವರ್ತಿಸಿದೆ. ಇದು ಉಪಮೆಯಲ್ಲ. ನನ್ನ ಪಿಎಚ್.ಡಿ. ಪ್ರಬಂಧದ ಕೊನೆಯಲ್ಲಿರುವ ಆಕರಸೂಚಿಯಲ್ಲಿ ತಮ್ಮ ನಮೂನೆಯಂತೆ ಜೋಡಿಸಿದರೆ ಆಕೆಯ ಹೆಸರಿರಬೇಕಾದ ಕಡೆಯೆಲ್ಲ ಹೆಬ್ಬೆರಳಿನಗಲದ ಕಪ್ಪು ಗೆರೆಯೊಂದು ಮಲಗುತ್ತದೆ. ಅಕ್ಕ ಮಾತ್ರ ಮಲಗಿಲ್ಲ. ಈ ಪತ್ರ ಬರೆಯುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಕೂತು, ರೇಡಿಯೊದಲ್ಲಿ ಸುದ್ದಿ ಓದುವವನ ಉಚ್ಚಾರಣೆ ತಿದ್ದುತ್ತಿದ್ದಾಳೆ. ಆಕೆ ಗೆರೆಯಾದದ್ದರಲ್ಲಿ ತಮ್ಮ ನಿಯಮಾವಳಿಯ ಪಾಲೆಷ್ಟು, ನನ್ನ ಪೆದ್ದುತನದ ಪಾಲೆಷ್ಟು ಎಂಬುದನ್ನು ನಾಲ್ಕು ಜನರ ಮುಂದೆ ಇಡಲೆಂದೇ ಈ ಪತ್ರ. ನನ್ನ ಪಾಲು ದೊಡ್ಡದೇ ಇದೆ. ಅದನ್ನು ಯಾರಿಗೂ ಬಿಟ್ಟುಕೊಡುವ ಉದ್ದೇಶ ನನಗಿಲ್ಲ.

ನಾನು ಕಾಲೇಜೊಂದರ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ನಲವತ್ತು ದಾಟಿದ ಮೇಲೆ ಡಾಕ್ಟರ್ ಅನ್ನಿಸಿಕೊಳ್ಳುವ ಹುಚ್ಚು ಹತ್ತಿತು. ವಿಷಯ ಕಲ್ಲುಹೂವು. ಹಳೆಯ ಗೋಡೆಗಳ ಮೇಲೆ, ಸೇತುವೆಯ ಕಂಬಗಳ ಮೇಲೆ ಬೂದಿ ಬಣ್ಣದ ತೇಪೆಯ ಹಾಗೆ ಅಂಟಿಕೊಂಡಿರುತ್ತದಲ್ಲ, ಅದು. ಅದರಷ್ಟು ನಿಧಾನವಾಗಿ ಬೆಳೆಯುವ ಇನ್ನೊಂದು ವಸ್ತುವನ್ನು ನಾನು ಕಂಡಿರಲಿಲ್ಲ, ತಮ್ಮ ವಿಭಾಗಕ್ಕೆ ಕಡತ ಕೊಡುವವರೆಗೆ. ಒಂದೇ ತೇಪೆಯನ್ನು ಹಲವು ವರ್ಷಗಳ ಅಂತರದಲ್ಲಿ ಅಳೆದರೆ ಊರಿನ ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳಬಹುದು. ಈಗಿನ ಅಳತೆ ನನ್ನದು. ಹಳೆಯ ಅಳತೆ ಅಕ್ಕನದು. ಆಕೆ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಕಾಲದಲ್ಲಿ ಸ್ಮಶಾನದ ಗೋಡೆಯನ್ನೂ ರೈಲು ಸೇತುವೆಯನ್ನೂ ಅಳೆದು, ಈಗ ನಿಂತುಹೋಗಿರುವ ಒಂದು ಸಣ್ಣ ಪತ್ರಿಕೆಯಲ್ಲಿ ಲೇಖನಗಳನ್ನು ಬರೆದಳು. ಆಮೇಲೆ ಅಮ್ಮ ಹಾಸಿಗೆ ಹಿಡಿದಳು. ಮನೆಯಲ್ಲಿ ಯಾರಾದರೂ ಇರಬೇಕಿತ್ತು, ಅಕ್ಕ ಇದ್ದಳು. ಯಾರಾದರೂ ಓದಬೇಕಿತ್ತು, ನನ್ನನ್ನು ಕಳಿಸಿದರು. ಇದಿಷ್ಟು ಹಿನ್ನೆಲೆ.

ತಮ್ಮ ಸುತ್ತೋಲೆ ಬಂದದ್ದು ಬರವಣಿಗೆ ಮುಗಿದ ವಾರ. ಇನ್ನು ಮುಂದೆ ಪ್ರಬಂಧಗಳನ್ನು ಟೆಕ್‌ನಲ್ಲೇ, ಕಚೇರಿಯ ಮಾದರಿ ಕಡತದಲ್ಲೇ, ಕಚೇರಿ ಸೂಚಿಸಿದ ಫಾಂಟಿನಲ್ಲೇ ಜೋಡಿಸಬೇಕು. ಟೆಕ್ ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ: ಇದು ಪುಟ ಜೋಡಿಸುವ ತಂತ್ರಾಂಶ, ಇದರಲ್ಲಿ ಬರೆಯುವಾಗ ಪುಟ ಕಣ್ಣಿಗೆ ಕಾಣುವುದಿಲ್ಲ. ನಾವು ಆಜ್ಞೆಗಳನ್ನು ಬರೆದು ಒಪ್ಪಿಸಬೇಕು. ಯಂತ್ರ ಪುಟ ಕಟ್ಟಿಕೊಡುತ್ತದೆ, ಇಲ್ಲವೇ ಬೈಯುತ್ತದೆ. ನಾನು ಊಟದ ಮೇಜಿನಲ್ಲಿ ಜಂಬ ಕೊಚ್ಚಿದೆ. "ಇದೇನು ಮಹಾ? ಒಂದು ವಾರದಲ್ಲಿ ಕಲಿತು ಬಿಸಾಕ್ತೀನಿ." ನನ್ನ ಗಂಡ ಮೊಸರು ಬಡಿಸಿಕೊಳ್ಳುತ್ತ, "ಹೂಂ, ವಾಷಿಂಗ್ ಮಷೀನ್ ತಂದಾಗ್ಲೂ ಹೀಗೇ ಅಂದಿದ್ದೆ" ಎಂದರು. ಆ ಯಂತ್ರದಲ್ಲಿ ಇವತ್ತಿಗೂ ನಾನು ಒಂದೇ ಗುಂಡಿ ಒತ್ತುವುದು.

ಮೊದಲು ಫಾಂಟು. ತಾವು ಸೂಚಿಸಿದ ಫಾಂಟನ್ನೇ ಹಾಕಿದೆ. ಪುಟ ಬಂತು, ಒತ್ತಕ್ಷರಗಳೆಲ್ಲ ಮುರಿದು ಬಿದ್ದಿದ್ದವು. ಕಲ್ಲು ಹೋಗಿ ಕಲ್‌ಲು ಆಗಿತ್ತು. ಕೃತಜ್ಞತೆಯ ಪುಟದಲ್ಲಿ ನನ್ನ ಅಕ್ಕ ಅಕ್‌ಕ ಆಗಿ, ಬಿಕ್ಕಳಿಕೆ ಬಂದವರು ಕರೆದ ಹಾಗಿತ್ತು. ಫಾಂಟು ಅಳಿಸಿ ಮತ್ತೆ ಹಾಕಿದೆ. ಗಣಕಯಂತ್ರ ಆರಿಸಿ ಮತ್ತೆ ಹಚ್ಚಿದೆ. ಪರದೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅದೇಕೆ ಒರೆಸಿದೆ ಎಂದು ಕೇಳಬೇಡಿ. ಕೊನೆಗೆ ನಮ್ಮ ಕಾಲೇಜಿನ ಗಣಿತದ ಮೇಷ್ಟ್ರ ಮೊರೆಹೋದೆ. ಅವರು ನೋಡಿ, "ಇದು ಕನ್ನಡ ಲಿಪಿ ಅಂತ ನೀವು ಅದಕ್ಕೆ ಹೇಳೇ ಇಲ್ವಲ್ಲ" ಎಂದರು.

"ಸರ್, ಅದು ಕನ್ನಡದ ಫಾಂಟೇ."

"ಫಾಂಟಿಗೆ ಗೊತ್ತು. ಟೆಕ್‌ಗೆ ಗೊತ್ತಿರಲ್ಲ. ಲಿಪಿ ಕನ್ನಡ ಅಂತ ಒಂದು ಪದ ಸೇರಿಸಿ."

ಸೇರಿಸಿದೆ. ಒತ್ತುಗಳೆಲ್ಲ ತಂತಮ್ಮ ಜಾಗಕ್ಕೆ ಹೋಗಿ ಕೂತವು. ಮಾನ್ಯರೇ, ಆ ಒಂದು ಪದವನ್ನು ಮಾದರಿ ಕಡತದಲ್ಲಿ ತಾವೇ ಬರೆದಿಟ್ಟಿದ್ದರೆ ಏನು ಕಳೆದುಹೋಗುತ್ತಿತ್ತು? ಅಥವಾ ಅಭ್ಯರ್ಥಿಯ ತಾಳ್ಮೆಯ ಪರೀಕ್ಷೆಯೂ ಪಠ್ಯಕ್ರಮದ ಭಾಗವೇ?

ಫಾಂಟು ಗೆದ್ದ ಉತ್ಸಾಹದಲ್ಲಿ ಆಕರಸೂಚಿಯನ್ನು ಅವಸರದಲ್ಲಿ ಸೇರಿಸಿ, ಪ್ರತಿಯನ್ನು ತಮ್ಮಲ್ಲಿಗೆ ಓಡಿಕೊಂಡು ಬಂದು ಕೊಟ್ಟೆ. ತಿರುಗಿ ಬಂತು. ಅದರ ಮೇಲೆ ತಮ್ಮದೇ ಕೈಬರಹ: "ಅಭ್ಯರ್ಥಿಗೆ ತನ್ನ ಆಕರಗಳ ಬಗ್ಗೆಯೇ ಸಂಶಯವಿದ್ದಂತೆ ಕಾಣುತ್ತದೆ." ಬಿಚ್ಚಿ ನೋಡಿದರೆ, ಯಾರು ಏನು ಹೇಳಿದ್ದಾರೆ ಎಂದು ನಾನು ಸೂಚಿಸಿದ್ದ ಪ್ರತಿ ಕಡೆಯಲ್ಲೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ! "ಗಾಳಿಯ ಗುಣಮಟ್ಟ ಕುಸಿದಿದೆ [?]." "ಇದು ನಿರ್ವಿವಾದ [?]." ಟೆಕ್ ಒಂದು ಸಲ ಓಡಿದರೆ ಸಾಲದಂತೆ. ಒಮ್ಮೆ ಪಠ್ಯಕ್ಕೆ, ಒಮ್ಮೆ ಆಕರಗಳನ್ನು ಹುಡುಕಲಿಕ್ಕೆ, ಮತ್ತೆರಡು ಸಲ ಎರಡನ್ನೂ ಹೊಂದಿಸಲಿಕ್ಕೆ. ನಾನು ಒಂದೇ ಸಲ ಓಡಿಸಿ, ಕೈ ತೊಳೆದುಕೊಂಡು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ತಮ್ಮಲ್ಲಿಗೆ ಬಂದಿದ್ದೆ. ಇದರಲ್ಲಿ ತಮ್ಮ ತಪ್ಪಿಲ್ಲ. ಆ ಷರಾ ಇಡೀ ಪ್ರಕರಣದಲ್ಲಿ ತಾವು ಬರೆದ ಅತ್ಯುತ್ತಮ ವಾಕ್ಯ. ನಮ್ಮ ಮನೆಯಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಹಾಲು ಕಾಯಿಸಿದ್ದೀನಿ ಅಂದರೂ ಗಂಡ "ಪ್ರಶ್ನಾರ್ಥಕ ಚಿಹ್ನೆ?" ಎನ್ನುತ್ತಾರೆ.

ಈಗ ಅಸಲು ಸಂಗತಿಗೆ ಬರುತ್ತೇನೆ. ಆಕರಸೂಚಿಯ ಬಗ್ಗೆ ತಮ್ಮ ನಿಯಮಗಳು ಹೀಗಿವೆ: ಲೇಖಕರ ಮನೆತನದ ಹೆಸರನ್ನು ಬರೆದು, ಸ್ವಂತ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಕೊಡತಕ್ಕದ್ದು. ಹೊಸ ಬರಹ ಮೇಲೆ, ಹಳೆಯದು ಕೆಳಗೆ ಇರತಕ್ಕದ್ದು. ಒಬ್ಬರದೇ ಹೆಸರು ಮತ್ತೆ ಬಂದಲ್ಲಿ ಹೆಸರಿನ ಬದಲು ಗೆರೆ ಎಳೆಯತಕ್ಕದ್ದು. ಮೂರೂ ಸೊಗಸಾದ ನಿಯಮಗಳೇ. ಆದರೆ ನಮ್ಮಪ್ಪನಿಗೆ 'ಸ' ಅಕ್ಷರದ ಮೇಲೆ ವಿಶೇಷ ಮೋಹವಿತ್ತು. ಅಕ್ಕನ ಹೆಸರೂ 'ಸ', ನನ್ನ ಹೆಸರೂ 'ಸ'. ಮನೆತನ ಹೇಗೂ ಒಂದೇ. ನಾನು ವಿಧೇಯಳಾಗಿ ನಮ್ಮಿಬ್ಬರನ್ನೂ ಒಂದೊಂದು 'ಸ'ಕ್ಕೆ ಇಳಿಸಿ ಕಡತದಲ್ಲಿ ತುಂಬಿದೆ. ಯಂತ್ರ ಇಬ್ಬರನ್ನೂ ಒಬ್ಬಳೆಂದು ತಿಳಿಯಿತು. ನನ್ನ ಹೊಸ ಲೇಖನದ ಮುಂದೆ ಹೆಸರು ಹಾಕಿತು. ಅದರ ಕೆಳಗೆ ಅಕ್ಕನ ಹಳೆಯ ಲೇಖನಗಳ ಮುಂದೆಲ್ಲ ಸಾಲಾಗಿ ಗೆರೆ ಎಳೆಯಿತು. ನಾನು ಅದನ್ನು ನೋಡಿದೆ. ಗೆರೆಗಳು ನೇರವಾಗಿ ಬಂದಿವೆ ಎಂದು ಖುಷಿಪಟ್ಟೆ. ಅಷ್ಟೇ ನೋಡಿದೆ.

ಪ್ರತಿಯನ್ನು ಮತ್ತೆ ತಮಗೆ ಕೊಟ್ಟ ಮೇಲೆ ತಮ್ಮ ಎರಡನೆಯ ಆಕ್ಷೇಪಣೆ ಬಂತು: "ಅಭ್ಯರ್ಥಿಯು ತನ್ನದೇ ಬರಹಗಳನ್ನು ಮಿತಿಮೀರಿ ಉಲ್ಲೇಖಿಸಿರುತ್ತಾರೆ. ಹಳೆಯವನ್ನು ಕೈಬಿಡುವುದು." ಇದನ್ನು ಓದಿದಾಗ ನನಗೆ ಮೊದಲು ಅನ್ನಿಸಿದ್ದು, ಆಣೆಯಿಟ್ಟು ಹೇಳುತ್ತೇನೆ, ಹೆಮ್ಮೆ. ಇಷ್ಟೊಂದು ಬರೆದಿದ್ದೇನೆಯೇ ನಾನು? ಆ ಹೆಮ್ಮೆಯಲ್ಲೇ ಪ್ರತಿಯನ್ನು ಒಯ್ದು ಅಕ್ಕನ ಮುಂದಿಟ್ಟೆ. ಭಾನುವಾರ ಮಧ್ಯಾಹ್ನ, ಅಕ್ಕ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಎಲ್ಲರೂ ಮಾಡುವಂತೆ ನೇರ ಕೊನೆಯ ಪುಟಗಳಿಗೇ ಹೋದಳು. ಬೆರಳು ಸಾಲಿನ ಮೇಲಿಂದ ಕೆಳಗೆ ಇಳಿಯಿತು. ಮತ್ತೆ ಮೇಲೆ ಹತ್ತಿತು.

"ನಾನೆಲ್ಲೇ?"

"ಅಲ್ಲೇ ಇದೀಯಲ್ಲ ಅಕ್ಕಾ, ಸರಿಯಾಗಿ ನೋಡು."

"ಇದು ನೀನು. ಇದರ ಕೆಳಗೆ ಗೆರೆ. ಅದರ ಕೆಳಗೆ ಗೆರೆ. ಸ್ಮಶಾನದ ಗೋಡೆ ಲೇಖನಕ್ಕೂ ಗೆರೆ." ಕನ್ನಡಕ ತೆಗೆದಳು. "ಈ ಗೆರೆ ಯಾರು?"

ನಾನು ನಿಯಮ ವಿವರಿಸಲು ಹೋದೆ. ಅರ್ಧಕ್ಕೇ ನನ್ನ ಮಾತು ನನ್ನ ಕಿವಿಗೇ ಬಿತ್ತು, ನಿಲ್ಲಿಸಿದೆ.

"ಆ ಲೇಖನ ಬಂದಾಗ ನಿಂಗೆ ಹಾಲುಹಲ್ಲು ಬೀಳ್ತಿತ್ತು ಕಣೇ" ಎಂದಳು ಅಕ್ಕ. "ಒಂದು ಕೈಲಿ ಹಲ್ಲು ಅಲ್ಲಾಡಿಸ್ಕೊಂಡು ಇನ್ನೊಂದು ಕೈಲಿ ಲೇಖನ ಬರೆದ್ಯಾ?"

ನಾವಿಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಅಕ್ಕ ಬಟಾಣಿಯ ಬುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡು, ತಲೆ ಎತ್ತದೆ, ಒಂದೊಂದೇ ಬಿಡಿಸತೊಡಗಿದಳು. 

ಮರುದಿನವೇ ಇಬ್ಬರೂ ತಮ್ಮ ಕಚೇರಿಗೆ ಬಂದದ್ದು ತಮಗೆ ನೆನಪಿರಬೇಕು. ಅಕ್ಕ ಬಂದ ಕಡೆ ಮರೆಯುವುದು ಕಷ್ಟ. ನಾನು ಕಡತದಲ್ಲಿ ಎರಡೂ ಹೆಸರನ್ನು ಪೂರ್ತಿ ಬರೆದು, ಗೆರೆ ಎಳೆಯುವ ಆಜ್ಞೆಯನ್ನು ರದ್ದು ಮಾಡಿ, ನಾಲ್ಕು ಸಲ ಓಡಿಸಿ, ಸರಿಯಾದ ಪ್ರತಿ ತಂದಿದ್ದೆ. ತಾವು ನೋಡಿ, ಬೇಸರದಿಂದಲ್ಲ, ನಿಜವಾದ ಅನುಕಂಪದಿಂದಲೇ ಹೇಳಿದಿರಿ: "ಮೇಡಂ, ಪೂರ್ತಿ ಹೆಸರು ಇದ್ರೆ ಸಿಸ್ಟಮ್ ತಗೊಳ್ಳಲ್ಲ."

"ಯಾರಪ್ಪ ಅದು ಸಿಸ್ಟಮ್ಮು?" ಎಂದಳು ಅಕ್ಕ. "ಸ್ವಲ್ಪ ಕರೀರಿ, ನಾನು ಮಾತಾಡ್ತೀನಿ."

"ಹಾಗಲ್ಲಮ್ಮ. ನಿಮ್ಮಿಬ್ಬರಲ್ಲಿ ಯಾರಾದ್ರೂ ಒಬ್ರು ಹೆಸರು ಬದಲಾಯಿಸ್ಕೊಂಡ್ರೆ ಸುಲಭ ಆಗ್ತಿತ್ತು."

"ಯಾರು ಬದಲಾಯಿಸ್ಕೋಬೇಕು? ದೊಡ್ಡೋಳೋ, ಚಿಕ್ಕೋಳೋ? ರೂಲ್ಸಲ್ಲಿ ಏನಿದೆ ನೋಡಿ."

ತಾವು ನಿಜಕ್ಕೂ ನಿಯಮಾವಳಿಯನ್ನು ತೆಗೆದು ಪುಟ ತಿರುವಿದಿರಿ. ಆ ಕ್ಷಣದಲ್ಲಿ ನನಗೆ ತಮ್ಮ ಮೇಲೆ ಪ್ರೀತಿ ಹುಟ್ಟಿತು. ಎಷ್ಟೆಂದರೂ ನಾನೂ ಅದೇ ಜಾತಿಯ ವಿಧೇಯ ಪ್ರಾಣಿ. ಆದರೆ ತಿರುವಿ ಮುಗಿಸಿ ತಾವು ಹೇಳಿದ್ದು, ಈ ತಿಂಗಳ ಕೊನೆಗೆ ನನ್ನ ನೋಂದಣಿ ರದ್ದಾಗುತ್ತದೆ, ಆ ಹಳೆಯ ಲೇಖನಗಳನ್ನು ತೆಗೆದರೆ ಎಲ್ಲವೂ ಸರಿಹೋಗುತ್ತದೆ ಎಂದು. ಹಳೆಯ ಅಳತೆ ಇಲ್ಲದೆ ಹೊಸ ಅಳತೆಯನ್ನು ಯಾವುದಕ್ಕೆ ಹೋಲಿಸಲಿ ಎಂದು ನಾನು ಕೇಳಿದೆ. ಅದು ವಿಷಯ ತಜ್ಞರಿಗೆ ಬಿಟ್ಟದ್ದು, ನಮೂನೆಗೆ ಸಂಬಂಧಿಸಿದ್ದಲ್ಲ ಎಂದಿರಿ.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಇಳಿಯುವ ಮೊದಲು ಹೇಳಿದಳು: "ತೆಗೆದುಬಿಡೇ. ಆ ಪತ್ರಿಕೆನೇ ಈಗಿಲ್ಲ, ಓದಿದೋರೂ ಇಲ್ಲ. ನಿನ್ನ ಡಿಗ್ರಿ ಒಂದು ಆಗ್ಲಿ. ಇಷ್ಟು ವರ್ಷ ಇಲ್ದೇ ಇದ್ದೋಳಿಗೆ ಇನ್ನು ಇದ್ರೆಷ್ಟು, ಬಿಟ್ರೆಷ್ಟು."

ಜಗಳವಾಡಿದ್ದರೆ ಸಹಿಸಬಹುದಿತ್ತು. ಮನೆಗೆ ಬಂದು ಗಣಕಯಂತ್ರದ ಮುಂದೆ ಕೂತೆ. ಸುಳ್ಳು ಹೇಳುವುದಿಲ್ಲ, ತೆಗೆದೆ. ಅಕ್ಕನ ಲೇಖನಗಳನ್ನು ಒಂದೊಂದಾಗಿ ಅಳಿಸಿದೆ. ಅವುಗಳನ್ನು ಆಧರಿಸಿದ ಅಧ್ಯಾಯವನ್ನು, "ಹಿಂದಿನ ಅಧ್ಯಯನಗಳ ಪ್ರಕಾರ" ಎಂಬ ಒಂದು ಸಾಲಿಗೆ ಇಳಿಸಿದೆ. ಓಡಿಸಿದೆ. ಮಾನ್ಯರೇ, ತಿಂಗಳುಗಟ್ಟಲೆ ನನ್ನನ್ನು ಬೈದ ಆ ಯಂತ್ರ ಅವತ್ತು ಒಂದೇ ಒಂದು ದೋಷ ತೋರಿಸಲಿಲ್ಲ. ಎಚ್ಚರಿಕೆಯಿಲ್ಲ, ಪ್ರಶ್ನಾರ್ಥಕವಿಲ್ಲ. ಪುಟಗಳು ಮುತ್ತಿನಂತೆ ಬಂದವು. ನಾನು ಅವನ್ನು ನೋಡುತ್ತ ಕೂತೆ. ಮೊದಲ ಬಾರಿಗೆ ನನ್ನ ಪ್ರಬಂಧ ತಮ್ಮ ನಮೂನೆಗೆ ತಕ್ಕಂತಿತ್ತು, ಮತ್ತು ಅದರಲ್ಲಿ ನಾನು ಕಳ್ಳಿಯಾಗಿದ್ದೆ. ಅಕ್ಕ ಅಳೆದ ಗೋಡೆಯನ್ನು ನಾನೇ ಕಂಡುಹಿಡಿದವಳ ಹಾಗೆ ಬೀಗುತ್ತಿದ್ದೆ.

ಅಳಿಸಿದ್ದನ್ನೆಲ್ಲ ಹಿಂದಕ್ಕೆ ಹಾಕಿದೆ. ಹಾಕುವಾಗ ಒಂದು ಆವರಣ ಚಿಹ್ನೆ ಮುಚ್ಚುವುದು ಮರೆತು, ಇಡೀ ಪ್ರಬಂಧ ಮತ್ತೆ ಕುಸಿದುಬಿತ್ತು. ಸಂಜೆಯವರೆಗೆ ಅದನ್ನು ಹುಡುಕಿದೆ. ಇದನ್ನು ಹೇಳುತ್ತಿರುವುದು, ನನ್ನನ್ನು ಯಾರೂ ವೀರವನಿತೆಯೆಂದು ತಿಳಿಯಬಾರದೆಂದು. ಕೊನೆಗೆ ಪುಟ ಬಂತು. ಅಕ್ಕನ ಪೂರ್ತಿ ಹೆಸರು, ಒತ್ತಕ್ಷರ ಸಮೇತ, ಪ್ರತಿ ಲೇಖನದ ಮುಂದೆಯೂ. ಮುದ್ರಿಸಿ ಕೊಟ್ಟೆ. ಅಕ್ಕ ಓದಿದಳು. ಬಹಳ ಹೊತ್ತು ಓದಿದಳು, ಅದರಲ್ಲಿ ಇದ್ದದ್ದು ನಾಲ್ಕಾರು ಸಾಲು. "ಡಿಗ್ರಿ ಹೋಗತ್ತಲ್ಲೇ, ಹುಚ್ಚಿ" ಎಂದಳು. ಬೈದಳು ಎಂದುಕೊಂಡೆ. ಆದರೆ ಪುಟವನ್ನು ಹಿಂದಕ್ಕೆ ಕೊಡಲಿಲ್ಲ.

ಆ ಪುಟವನ್ನು ಇನ್ನೊಮ್ಮೆ ಮುದ್ರಿಸಿ ಸೇರಿಸಿದ ಪ್ರತಿಯನ್ನೇ ನಿನ್ನೆ ತಮ್ಮ ಗುಮಾಸ್ತರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ಅವರು ಅದನ್ನು ತೆಗೆದುಕೊಳ್ಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಕಾಗದ ಹಾರದಂತೆ ಅದರ ಮೇಲೆ ಚಹಾದ ಲೋಟ ಇಟ್ಟರು. ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆಕರಸೂಚಿಯಲ್ಲಿ ಮನುಷ್ಯರ ಹೆಸರನ್ನು ಪೂರ್ತಿ ಬರೆಯಲು ಅಭ್ಯರ್ಥಿಗಳಿಗೆ ಅನುಮತಿ ಕೊಡಿ, ನನ್ನ ಪ್ರಬಂಧವನ್ನು ಈಗಿರುವಂತೆಯೇ ಸ್ವೀಕರಿಸಿ, ಇದೇ ತಿಂಗಳೊಳಗೆ. ಸಾಧ್ಯವಿಲ್ಲವೇ, ಧಾರಾಳವಾಗಿ ತಿರಸ್ಕರಿಸಿ. ಆದರೆ ತಿರಸ್ಕಾರದ ಪತ್ರದಲ್ಲಿ ನಿಯಮದ ಸಂಖ್ಯೆ ನಮೂದಿಸಿ ಜಾರಿಕೊಳ್ಳಬೇಡಿ, ಕಾರಣವನ್ನು ಕನ್ನಡದಲ್ಲಿ, ಪೂರ್ತಿ ವಾಕ್ಯದಲ್ಲಿ ಬರೆಯಿರಿ: "ಅಭ್ಯರ್ಥಿಯು ತನ್ನ ಅಕ್ಕನ ಹೆಸರನ್ನು ಬರೆದಿರುವುದರಿಂದ ಪದವಿ ನಿರಾಕರಿಸಲಾಗಿದೆ." ಅದರ ಕೆಳಗೆ ಸಹಿ ಮಾಡಿ. ಮೊದಲಕ್ಷರಕ್ಕೆ ನಿಲ್ಲಿಸದೆ, ತಮ್ಮ ತಂದೆತಾಯಿ ಇಟ್ಟ ಹೆಸರನ್ನು ಪೂರ್ತಿಯಾಗಿ ಬರೆದು.

ಇಂತಿ,
ಇನ್ನೂ ಡಾಕ್ಟರ್ ಆಗದ, ಇನ್ನು ಆಗುವ ಆಸೆಯೂ ಅಷ್ಟಕ್ಕಷ್ಟೇ ಉಳಿದಿರುವ,
ಒಬ್ಬಳು ತಂಗಿ